ಪ್ರಾಜೆಕ್ಟ್ ಕಲಿಕೆಯ ಸಮ್ಮೇಳನಗಳು: ನಾವು ಹಂಚಿಕೊಳ್ಳುತ್ತಿರುವುದು ಏನನ್ನು?

ತಾಂತ್ರಿಕ ಶಿಕ್ಷಣದಲ್ಲಿ 'ಪ್ರಾಜೆಕ್ಟ್ ಆಧಾರಿತ ಕಲಿಕೆ' ಎಂಬ ಮಾತು ಹೊಸದೇನಲ್ಲ. ನಾಲ್ಕು ವರ್ಷ ಪಠ್ಯ ಬೋಧಿಸಿ ಕೊನೆಗೊಂದು ಪ್ರಾಜೆಕ್ಟ್ ಮಾಡಿಸುವುದು ನಮಗೆ ರೂಢಿ. ಅದಕ್ಕೆ ಬದಲಾಗಿ, ನಿಜವಾದ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು, ಅದನ್ನು ಬಿಡಿಸುತ್ತ ಹೋಗುವಾಗಲೇ ಬೇಕಾದ ಭೌತಶಾಸ್ತ್ರ, ಗಣಿತ, ಯಂತ್ರಶಾಸ್ತ್ರಗಳನ್ನು ಕಲಿಯಬೇಕು ಎಂಬುದು ಈ ಪದ್ಧತಿಯ ತಿರುಳು. ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆ 1970ರಲ್ಲಿ ತನ್ನ ಪಠ್ಯಕ್ರಮವನ್ನು ಹೀಗೆ ಬದಲಾಯಿಸಿತು. ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಹುಟ್ಟಿದ್ದೇ ಈ ಪದ್ಧತಿಯೊಂದಿಗೆ.

ಕರ್ನಾಟಕವೂ ಹಿಂದುಳಿದಿಲ್ಲ. 2014ರ ಜನವರಿಯಲ್ಲಿ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ತಾಂತ್ರಿಕ ಶಿಕ್ಷಣದ ಪರಿವರ್ತನೆ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಪ್ರಬಂಧಗಳು ಮರುವರ್ಷ ಪುಸ್ತಕವಾಗಿಯೂ ಬಂದವು. ಆ ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿ ಎಲ್ಲ ವಿಭಾಗಗಳ ಮೊದಲ ವರ್ಷದ ವಿದ್ಯಾರ್ಥಿಗಳೂ ತಂಡ ಕಟ್ಟಿಕೊಂಡು ಏನನ್ನಾದರೂ ತಯಾರಿಸಿಯೇ ಕಲಿಯುವ ಒಂದು ವಿಷಯವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ 2022ರ ಪಠ್ಯಕ್ರಮದಲ್ಲಿ ವಿನ್ಯಾಸ ಚಿಂತನೆಯನ್ನು ಮೊದಲ ವರ್ಷಕ್ಕೇ ತಂದಿತು. ಹೀಗಾಗಿ ವಿಚಾರ ಸಂಕಿರಣಗಳಿಗೂ ಸಮ್ಮೇಳನಗಳಿಗೂ ಕೊರತೆಯಿಲ್ಲ.

ಈ ಸಮ್ಮೇಳನಗಳ ಪ್ರಬಂಧಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ, ಕೇಳುತ್ತ ಬಂದಿದ್ದೇನೆ. ಗೋಷ್ಠಿಗಳ ಅಧ್ಯಕ್ಷತೆಯನ್ನೂ ವಹಿಸಿದ್ದೇನೆ. ಇವುಗಳ ಬಗ್ಗೆ ನನ್ನ ತಕರಾರು ಒಂದೇ. ಪ್ರಾಜೆಕ್ಟ್ ಆಧಾರಿತ ಕಲಿಕೆಯ ಪ್ರಬಂಧದಲ್ಲಿ ಪ್ರಾಜೆಕ್ಟೇ ಇರುವುದಿಲ್ಲ.

ನೀವೇ ಒಂದು ಪ್ರಬಂಧವನ್ನು ತೆರೆದು ನೋಡಿ. ಮೊದಲ ಪುಟದಲ್ಲಿ ಆಲ್ಬೋರ್ಗ್ ಬರುತ್ತದೆ, ಹೊಸ ಶಿಕ್ಷಣ ನೀತಿ ಬರುತ್ತದೆ. ಎರಡನೆಯ ಪುಟದಲ್ಲಿ ಬಾಣದ ಗುರುತುಗಳುಳ್ಳ ಒಂದು ಚಿತ್ರ: ಸಮಸ್ಯೆ ಗುರುತಿಸುವಿಕೆ, ತಂಡ ರಚನೆ, ವಿನ್ಯಾಸ, ತಯಾರಿಕೆ, ಮೌಲ್ಯಮಾಪನ. ಆಮೇಲೆ ಅಂಕಗಳನ್ನು ಹೇಗೆ ಹಂಚಲಾಯಿತು ಎಂಬ ಕೋಷ್ಟಕ. ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟ ಪ್ರಶ್ನಾವಳಿಯ ಫಲಿತಾಂಶ: ಇಷ್ಟು ಮಂದಿಗೆ ಈ ಪದ್ಧತಿ 'ಬಹಳ ಇಷ್ಟವಾಯಿತು', ಇಷ್ಟು ಮಂದಿಗೆ 'ಇಷ್ಟವಾಯಿತು'. ಆದರೆ ವಿದ್ಯಾರ್ಥಿಗಳು ಏನನ್ನು ತಯಾರಿಸಿದರು? ಎಷ್ಟು ಖರ್ಚಾಯಿತು? ಏನನ್ನು ಅಳೆದರು? ಎಲ್ಲಿ ಕೈಕೊಟ್ಟಿತು? ಇವಕ್ಕೆ ಅರ್ಧ ಪುಟವೂ ಸಿಗುವುದಿಲ್ಲ. ಅಡುಗೆಯ ಬಗ್ಗೆ ಬರೆದ ಲೇಖನದಲ್ಲಿ ಪಾತ್ರೆಗಳ ಪಟ್ಟಿಯೂ ಊಟ ಮಾಡಿದವರ ಮೆಚ್ಚುಗೆಯೂ ಇದ್ದು, ಅಡುಗೆ ಏನೆಂಬುದೇ ಇಲ್ಲದಿದ್ದರೆ ಹೇಗಿರುತ್ತದೆ?

ಇಷ್ಟವಾಯಿತೇ ಎಂದು ಕೇಳುವುದು ತಪ್ಪಲ್ಲ. ಆದರೆ ಅದು ಕಲಿಕೆಯ ಅಳತೆಯಲ್ಲ. ಇದನ್ನು ಭೌತಶಾಸ್ತ್ರದ ಅಧ್ಯಾಪಕರು ಮೂವತ್ತು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದಾರೆ. 1992ರಲ್ಲಿ ಅಮೆರಿಕದ ಹೆಸ್ಟೆನಿಸ್ ಮತ್ತು ಸಂಗಡಿಗರು ಬಲದ ಪರಿಕಲ್ಪನೆಯನ್ನು ಪರೀಕ್ಷಿಸಲು ಸುಮಾರು ಮೂವತ್ತು ಪ್ರಶ್ನೆಗಳ ಪತ್ರಿಕೆಯೊಂದನ್ನು ರೂಪಿಸಿದರು. ಅದರಲ್ಲಿ ಲೆಕ್ಕಗಳಿಲ್ಲ, ಮೇಲಕ್ಕೆ ಎಸೆದ ಚೆಂಡಿನ ಮೇಲೆ ಯಾವ ಬಲಗಳಿವೆ ಎಂಬಂತಹ ಸರಳ ಪ್ರಶ್ನೆಗಳಿವೆ. ಪಾಠಕ್ಕೆ ಮೊದಲು ಒಮ್ಮೆ, ಪಾಠದ ನಂತರ ಒಮ್ಮೆ ಅದೇ ಪತ್ರಿಕೆ ಕೊಡಬೇಕು. ಮೊದಲು ಶೇಕಡ 40 ಬಂದು ನಂತರ 55 ಬಂದರೆ, ಗಳಿಸಬಹುದಾಗಿದ್ದ 60ರಲ್ಲಿ 15 ಗಳಿಸಿದಂತೆ. ಅಂದರೆ ಗಳಿಕೆ 0.25. ಹೇಕ್ ಎಂಬವರು 62 ತರಗತಿಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಸೇರಿಸಿ 1998ರಲ್ಲಿ ಪ್ರಕಟಿಸಿದರು. ಉಪನ್ಯಾಸ ಮಾತ್ರ ನಡೆದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳು ತಾವೇ ಚರ್ಚಿಸಿ, ಮಾಡಿ ಕಲಿತ ತರಗತಿಗಳದು 0.48. ಪ್ರಾಜೆಕ್ಟ್ ಪದ್ಧತಿಯ ಪರ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? ಆದರೂ ನಮ್ಮ ಪ್ರಬಂಧಗಳಲ್ಲಿ 'ಮೊದಲು–ನಂತರ' ಎಂಬ ಪರೀಕ್ಷೆ ಅಪರೂಪ. ಮೆಚ್ಚುಗೆಯ ಪ್ರಶ್ನಾವಳಿ ಮಾತ್ರ ತಪ್ಪುವುದಿಲ್ಲ.

ಈಗ ಒಂದು ಪ್ರಾಜೆಕ್ಟನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮಕ್ಕಳು ಈಗ ದೂರ ಹೋಗದೆಯೇ ಇಂಜಿನಿಯರಿಂಗ್ ಓದಬಹುದು. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ, ಕೆ.ಆರ್. ಪೇಟೆಯಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಕಾಲೇಜುಗಳಿವೆ, ಮಂಡ್ಯದ ಪಿ.ಇ.ಎಸ್. ಕಾಲೇಜಂತೂ 1962ರಿಂದ ಇದೆ. ಇಂತಹ ಕೃಷಿ ಸೀಮೆಯ ವಿದ್ಯಾರ್ಥಿಗಳು ಬಹಳ ಇಷ್ಟಪಟ್ಟು ಆಯ್ದುಕೊಳ್ಳುವ, ಸಮ್ಮೇಳನಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಪ್ರಾಜೆಕ್ಟ್ 'ಮಣ್ಣಿನ ತೇವಾಂಶ ನೋಡಿಕೊಂಡು ತಾನಾಗಿ ನೀರು ಹಾಯಿಸುವ ಪಂಪು'. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಣ್ಣು, ಅದರಲ್ಲಿ ಚುಚ್ಚಿದ ಎರಡು ಕಾಲಿನ ಸಂವೇದಕ, ಒಂದು ಆರ್ಡುಯಿನೋ ಫಲಕ, ಬೆರಳುದ್ದದ ಪಂಪು. ಮಣ್ಣು ಒಣಗಿದರೆ ಪಂಪು ತಿರುಗುತ್ತದೆ, ಒದ್ದೆಯಾದರೆ ನಿಲ್ಲುತ್ತದೆ. ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಚಪ್ಪಾಳೆಯೂ ಬೀಳುತ್ತದೆ.

ಇದನ್ನು ನಾಲ್ಕೂ ತಾಲ್ಲೂಕುಗಳ ಗದ್ದೆ ಹೊಲಗಳಿಗೆ ಒಯ್ಯಿರಿ. ಕನ್ನಂಬಾಡಿಯ ಎಡದಂಡೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಶ್ರೀರಂಗಪಟ್ಟಣ, ಪಾಂಡವಪುರ ಸೀಮೆ ದಾಟಿ ಮುಂದೆ ಹೋಗುತ್ತದೆ. ಇಲ್ಲಿ ನೀರು ಗದ್ದೆಗೆ ಬರುವುದು ಪಂಪಿನಿಂದಲ್ಲ, ಇಳಿಜಾರಿನಿಂದ. ಅದೂ ಕಟ್ಟು ಪದ್ಧತಿಯಲ್ಲಿ: ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ಮಣ್ಣು ಒಣಗಿದೆ ಎಂದು ಸಂವೇದಕ ಎಷ್ಟೇ ಕೂಗಿಕೊಂಡರೂ ನಾಲೆಯಲ್ಲಿ ನೀರಿಲ್ಲದಿದ್ದರೆ ಮಾಡುವುದೇನು? ಇಲ್ಲಿನ ರೈತನ ಪ್ರಶ್ನೆ ಬೇರೆ. ತೂಬಿನಲ್ಲಿ ಎಷ್ಟು ನೀರು ಬರುತ್ತಿದೆ, ಕೊನೆಯ ಗದ್ದೆಗೆ ಎಷ್ಟು ಮುಟ್ಟುತ್ತದೆ ಎಂಬುದು. ಅದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಕಾಲುವೆಯ ನೇರ ಭಾಗದಲ್ಲಿ ಇಪ್ಪತ್ತು ಮೀಟರ್ ಗುರುತು ಮಾಡಿ, ಬೆಂಡಿನ ತುಂಡೊಂದನ್ನು ತೇಲಿಬಿಟ್ಟು ಹೊತ್ತು ನೋಡಬೇಕು. ಮೇಲ್ಮೈ ವೇಗದ ಸುಮಾರು 0.85 ಭಾಗವನ್ನು ಸರಾಸರಿ ವೇಗವೆಂದು ಹಿಡಿದು ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಗುತ್ತದೆ. ತಲೆಯ ಕಡೆ ಒಮ್ಮೆ, ಕೊನೆಯ ಕಡೆ ಒಮ್ಮೆ ಅಳೆದರೆ ನಡುವೆ ಎಷ್ಟು ನೀರು ಕಾಣೆಯಾಯಿತೆಂದು ಗೊತ್ತಾಗುತ್ತದೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳಂತಹ ಹಳೆಯ ನಾಲೆಗಳೂ ಇವೆ. ಒಂದು ಕಾಲೇಜಿಗೆ ಹತ್ತು ವರ್ಷಕ್ಕೆ ಸಾಲುವಷ್ಟು ಕೆಲಸ ಅಲ್ಲಿದೆ.

ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ನೀರು ತಲುಪಿದ ಊರುಗಳ ಮಾತು ಒಂದು, ತಲುಪದ ಊರುಗಳ ಮಾತು ಇನ್ನೊಂದು. ನಾಗಮಂಗಲದ ಬಹುಪಾಲು ಮಳೆ ಮತ್ತು ಕೊಳವೆಬಾವಿಯನ್ನೇ ನೆಚ್ಚಿದ ಸೀಮೆ. ಇಲ್ಲಿ ಪಂಪುಗಳಿವೆ, ನಿಜ. ಆದರೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ದಿನದಲ್ಲಿ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ ಹೊತ್ತು ಬರುತ್ತದೆ. ಅದಕ್ಕಾಗಿ ರೈತರು ಬಹಳ ಹಿಂದೆಯೇ ಆಟೋ ಸ್ಟಾರ್ಟರ್ ಹಾಕಿಕೊಂಡಿದ್ದಾರೆ. ಮೂರೂ ಫೇಸ್ ಬಂದೊಡನೆ ಮೋಟಾರು ತಾನಾಗಿ ಶುರುವಾಗುತ್ತದೆ. ನಮ್ಮ ವಿದ್ಯಾರ್ಥಿ 'ಸ್ವಯಂಚಾಲಿತ ನೀರಾವರಿ'ಯನ್ನು ಹೊಸದಾಗಿ ಕಂಡುಹಿಡಿದೆನೆಂದು ಪ್ರಬಂಧ ಓದುತ್ತಿರುವಾಗ ಅವನ ತಂದೆಯ ಪಂಪ್‌ಹೌಸಿನಲ್ಲಿ ಸ್ವಯಂಚಾಲನೆ ಆಗಲೇ ನಡೆದಿರುತ್ತದೆ. ಅದು ಆಧರಿಸಿರುವುದು ಮಣ್ಣಿನ ತೇವಾಂಶವನ್ನಲ್ಲ, ಕರೆಂಟಿನ ಬರವನ್ನು. ಅಲ್ಲಿ ಕೊರತೆ ಇರುವುದು ಅದರದೇ. ಈ ಒಂದು ಸಂಗತಿಯನ್ನು ಗುರುತಿಸಿ ಬರೆದ ಪ್ರಬಂಧವನ್ನು ನಾನಿನ್ನೂ ಕೇಳಬೇಕಾಗಿದೆ.

ಸಂವೇದಕದ ಕಥೆಯೂ ಹೀಗೆಯೇ. ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ಇದೇ ಪ್ರಾಜೆಕ್ಟಿನ ಮಂಡನೆ ಮುಗಿದ ಮೇಲೆ, ಚಹಾದ ವೇಳೆಯಲ್ಲಿ ಆ ಹುಡುಗನನ್ನು ಕೇಳಿದೆ.

"ಎಷ್ಟು ದಿನ ಮಣ್ಣಲ್ಲಿ ಇಟ್ಟಿದ್ರಪ್ಪ ಇದನ್ನ?"

"ಹದಿನೈದು ದಿನ ಆದ್ಮೇಲೆ ರೀಡಿಂಗ್ ಸರಿಯಾಗಿ ಬರ್ತಿರ್ಲಿಲ್ಲ ಸರ್. ಒಂದು ಕಾಲು ತಿಂದುಹೋಗಿತ್ತು. ಹೊಸದು ಹಾಕಿದ್ವಿ."

"ಒಂದೇ ಕಾಲಾ?"

"ಹೌದು ಸರ್, ಒಂದೇ."

"ಮತ್ತೆ ಅದನ್ನ ಯಾಕೆ ಹೇಳ್ಲಿಲ್ಲ ನೀನು?"

"ನೆಗೆಟಿವ್ ರಿಸಲ್ಟ್ ಹಾಕೋದು ಬೇಡ ಅಂದ್ರು ಸರ್."

ಇಡೀ ಗೋಷ್ಠಿಯಲ್ಲಿ ನಾನು ಕೇಳಿದ ಅತ್ಯುತ್ತಮ ಭೌತಶಾಸ್ತ್ರ ಈ 'ಒಂದೇ ಕಾಲು'. ಎರಡು ಲೋಹದ ಕಾಲುಗಳ ನಡುವೆ ಒದ್ದೆ ಮಣ್ಣಿನ ಮೂಲಕ ಏಕಮುಖ ವಿದ್ಯುತ್ತು ಸದಾ ಹರಿಯುತ್ತಿದ್ದರೆ ಅದು ಸಂವೇದಕವಷ್ಟೇ ಅಲ್ಲ, ವಿದ್ಯುದ್ವಿಭಜನೆಯ ಕೋಶವೂ ಹೌದು. ಧನಾಗ್ರದ ಲೋಹ ಕರಗಿ ಮಣ್ಣಿಗೆ ಸೇರುತ್ತದೆ, ಋಣಾಗ್ರ ಉಳಿದುಕೊಳ್ಳುತ್ತದೆ. ಪಿ.ಯು.ಸಿ.ಯಲ್ಲಿ ಓದಿದ ಫ್ಯಾರಡೆಯ ನಿಯಮ ಡಬ್ಬಿಯೊಳಗೆ ಕೆಲಸ ಮಾಡುತ್ತಿದೆ! ಗಂಟೆಗೊಮ್ಮೆ ಕ್ಷಣಕಾಲ ಮಾತ್ರ ವಿದ್ಯುತ್ ಕೊಟ್ಟು ಅಳೆದರೆ, ಅಥವಾ ದಿಕ್ಕು ಬದಲಾಯಿಸುತ್ತ ಅಳೆದರೆ ಕಾಲು ಬಹುಕಾಲ ಬಾಳುತ್ತದೆ. ಲೋಹ ಮಣ್ಣಿಗೆ ತಾಗದಂತೆ ಧಾರಕತೆಯನ್ನು ಅಳೆಯುವ ಸಂವೇದಕವನ್ನೂ ಬಳಸಬಹುದು. ಇದನ್ನು ಬರೆದಿದ್ದರೆ ಮರುವರ್ಷ ಇನ್ನೊಂದು ಕಾಲೇಜಿನ ವಿದ್ಯಾರ್ಥಿ ಅಲ್ಲಿಂದ ಮುಂದಕ್ಕೆ ಹೋಗುತ್ತಿದ್ದ. ಬರೆಯದ ಕಾರಣ ಅವನದೂ ಹದಿನೈದು ದಿನಕ್ಕೆ ತಿಂದುಹೋಗುತ್ತದೆ, ಅವನೂ ಹೇಳುವುದಿಲ್ಲ. ವಿಚಾರ ಹಂಚಿಕೊಳ್ಳುವುದಕ್ಕೆಂದೇ ಸೇರಿದ ಜಾಗದಲ್ಲಿ ಹಂಚಿಕೊಳ್ಳಲು ಯೋಗ್ಯವಾದ ವಿಚಾರವನ್ನೇ ಬಚ್ಚಿಡುವುದು ವಿಚಿತ್ರವಲ್ಲವೆ?

ಟೀಕೆ ಮಾಡುವವನು ತಾನು ಯಾವುದನ್ನು ಒಳ್ಳೆಯ ಪ್ರಾಜೆಕ್ಟ್ ಎನ್ನುತ್ತಾನೆಂದೂ ಹೇಳಬೇಕು. ಈ ಸೀಮೆಯ ಆಲೆಮನೆಯನ್ನು ನೋಡಿ. ಕಬ್ಬನ್ನು ಗಾಣಕ್ಕೆ ಕೊಟ್ಟು ಹಾಲು ತೆಗೆದು, ಕೊಪ್ಪರಿಗೆಯಲ್ಲಿ ಕುದಿಸಿ, ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಇಳಿಸಿ ಅಚ್ಚಿಗೆ ಹಾಕುತ್ತಾರೆ. ಉರುವಲು ಕಬ್ಬಿನ ರಚ್ಚೇ. ಇದರ ಶಕ್ತಿಯ ಲೆಕ್ಕ ಹಾಕಲು ಒಂದು ಹಾಳೆ ಸಾಕು. ಅಂದಾಜಿಗೆ 100 ಕಿಲೋ ಕಬ್ಬಿನಿಂದ 60 ಕಿಲೋ ಹಾಲು, 40 ಕಿಲೋ ಹಸಿ ರಚ್ಚು, ಕೊನೆಗೆ 10 ಕಿಲೋ ಬೆಲ್ಲ ಬರುತ್ತದೆ ಎನ್ನೋಣ. ಆವಿಯಾಗಬೇಕಾದ ನೀರು 50 ಕಿಲೋ. ನೀರಿನ ಆವೀಕರಣದ ಗುಪ್ತೋಷ್ಣ ಕಿಲೋಗೆ 2257 ಕಿಲೋಜೌಲ್ ಆದ್ದರಿಂದ ಇದಕ್ಕೆ ಸುಮಾರು 113 ಮೆಗಾಜೌಲ್ ಬೇಕು. 60 ಕಿಲೋ ಹಾಲನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಇನ್ನು 17 ಮೆಗಾಜೌಲ್. ಒಟ್ಟು 130. ಹಸಿ ರಚ್ಚಿನಲ್ಲಿ ಅರ್ಧ ನೀರಿರುತ್ತದೆ. ಒಣಗಿಸಿದರೆ ಉಳಿಯುವುದು 20 ಕಿಲೋ. ಕಿಲೋಗೆ 17 ಮೆಗಾಜೌಲಿನಂತೆ ಅದು ಕೊಡುವ ಶಾಖ 340. ಭಾಗಿಸಿ ನೋಡಿ: 130ನ್ನು 340ರಿಂದ ಭಾಗಿಸಿದರೆ ಶೇಕಡ 38.

ಈ 38 ಬಹಳ ಅರ್ಥವುಳ್ಳ ಸಂಖ್ಯೆ. ಒಲೆಯ ದಕ್ಷತೆ ಅದಕ್ಕಿಂತ ಹೆಚ್ಚಿದ್ದರೆ ಕಬ್ಬು ತನ್ನನ್ನು ತಾನೇ ಬೇಯಿಸಿಕೊಂಡು ಸ್ವಲ್ಪ ರಚ್ಚು ಉಳಿಯುತ್ತದೆ. ಕಡಿಮೆಯಿದ್ದರೆ ಹೊರಗಿನಿಂದ ಉರುವಲು ತರಬೇಕು. ಕೆಲವು ಆಲೆಮನೆಗಳಲ್ಲಿ ಟೈರು, ಪ್ಲಾಸ್ಟಿಕ್ ಉರಿಸುತ್ತಾರೆಂಬ ದೂರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಆ ಕಪ್ಪು ಹೊಗೆಯ ಹಿಂದೆ ಒಲೆಯ ದಕ್ಷತೆಯ ಪ್ರಶ್ನೆಯೂ ಇದೆ. ಒಬ್ಬ ವಿದ್ಯಾರ್ಥಿ ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಗಡಿಯಾರ ಹಿಡಿದು ಆಲೆಮನೆಯಲ್ಲಿ ಮೂರು ದಿನ ಕುಳಿತರೆ ಒಂದು ಒಲೆಯ ನಿಜವಾದ ದಕ್ಷತೆ ತಿಳಿಯುತ್ತದೆ. ಚಿಮಣಿಯ ಎತ್ತರ, ಗಾಳಿ ಬರುವ ಕಿಂಡಿ, ಹೊಗೆಯ ದಾರಿಯಲ್ಲಿ ಹಾಲನ್ನು ಮೊದಲೇ ಬೆಚ್ಚಗೆ ಮಾಡುವ ಎರಡನೆಯ ಕೊಪ್ಪರಿಗೆ, ಇವುಗಳಲ್ಲಿ ಒಂದನ್ನು ಬದಲಾಯಿಸಿ ಮತ್ತೆ ಅಳೆಯಬಹುದು. ಉಷ್ಣಬಲ ವಿಜ್ಞಾನದ ಅರ್ಧ ಪಠ್ಯ ಇದರಲ್ಲೇ ಬಂತು. ಎಲ್ಲಕ್ಕಿಂತ ಮುಖ್ಯವಾಗಿ, ಇಂತಹ ಪ್ರಬಂಧವನ್ನು ಬೇರೆ ಕಾಲೇಜಿನವರು ತಮ್ಮೂರ ಆಲೆಮನೆಯಲ್ಲಿ ಮತ್ತೆ ಮಾಡಿ ನೋಡಿ, ಹೌದು ಅಥವಾ ಅಲ್ಲ ಎನ್ನಬಹುದು. ಪ್ರಯೋಗದ ವರದಿಗೆ ನಾವು ವಿಧಿಸುವ ಈ ನಿಯಮವನ್ನು ಶಿಕ್ಷಣದ ಪ್ರಬಂಧಕ್ಕೆ ಯಾಕೆ ವಿಧಿಸಬಾರದು?

ಇದು ಆಗದ ಮಾತೇನೂ ಅಲ್ಲ. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಇದು ನಡೆದೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗುಂಪು ಉಂಗ್ರದಲ್ಲಿ ತನ್ನ ವಿಸ್ತರಣಾ ಕೇಂದ್ರ ತೆರೆಯಿತು. ಆ ಸುತ್ತಿನ ಆರು ಹಳ್ಳಿಗಳ ಮನೆಗಳಲ್ಲಿ ಸೌದೆ ಎಷ್ಟು ಸುಡುತ್ತದೆ, ಅದನ್ನು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಅವರು ಲೆಕ್ಕ ಹಾಕಿದರು; ಆ ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಮನೆಮನೆಗೆ ಹೋದ ಅಸ್ತ್ರ ಒಲೆಯೂ, ಪುರ ಎಂಬ ಹಳ್ಳಿಗೆ ಗೋಬರ್ ಅನಿಲದಿಂದ ದೀಪ ಮತ್ತು ಕುಡಿಯುವ ನೀರು ಕೊಟ್ಟ ವ್ಯವಸ್ಥೆಯೂ ಇದೇ ಗುಂಪಿನ ಕೆಲಸ. ಅವರು 'ಪ್ರಾಜೆಕ್ಟ್ ಆಧಾರಿತ ಕಲಿಕೆ' ಎಂಬ ಮಾತನ್ನು ಬಳಸಿದಂತೆ ಕಾಣೆ. ನಮ್ಮ ಪ್ರಬಂಧಗಳು ಆಲ್ಬೋರ್ಗಿನವರೆಗೆ ಹೋಗಿ ಬರುತ್ತವೆ, ಉಂಗ್ರದ ಬಸ್ಸು ಹತ್ತುವುದಿಲ್ಲ.

ಸಮ್ಮೇಳನಗಳಲ್ಲಿ ಒಂದರ ಬಗ್ಗೆ ನನಗೆ ಗೌರವ ಹೆಚ್ಚು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977–78ರಿಂದ ನಡೆಸುತ್ತ ಬಂದಿರುವ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮದ ವಾರ್ಷಿಕ ವಿಚಾರ ಸಂಕಿರಣ ಮತ್ತು ಪ್ರದರ್ಶನ ಅದು. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಂದ ಪ್ರಸ್ತಾವಗಳನ್ನು ಕರೆದು, ಆಯ್ದವಕ್ಕೆ ಸಣ್ಣ ಧನಸಹಾಯ ಕೊಟ್ಟು, ನಡುವೆ ಒಮ್ಮೆ ಪರಿಶೀಲಿಸಿ, ಒಳ್ಳೆಯವನ್ನು ಪ್ರದರ್ಶನಕ್ಕೆ ಕರೆಯುತ್ತಾರೆ. ಇಲ್ಲಿ ವಸ್ತು ಮೇಜಿನ ಮೇಲೆ ಕುಳಿತಿರುತ್ತದೆ. ನೀವು ಗುಂಡಿ ಒತ್ತಬಹುದು, ಬಿಚ್ಚಿ ತೋರಿಸು ಎನ್ನಬಹುದು. ಪರದೆಯ ಮೇಲಿನ ಚಿತ್ರದ ಹಿಂದೆ ಅಡಗಲು ಅವಕಾಶವಿಲ್ಲ. ಆದರೆ ಇಲ್ಲಿಯೂ ಒಂದು ಕೊರತೆ ಕಾಣುತ್ತದೆ. ಬಹುಮಾನ ಬಂದ ವಸ್ತು ಕಾಲೇಜಿಗೆ ಮರಳಿ ಬೀರುವಿನ ಮೇಲೆ ಧೂಳು ಹಿಡಿಯುತ್ತದೆ. ಮುಂದಿನ ತಂಡ ಅದೇ ವಿಷಯವನ್ನು ಮೊದಲಿನಿಂದ ಶುರು ಮಾಡುತ್ತದೆ. ಹಿಂದಿನವರು ನಿಲ್ಲಿಸಿದ ಕಡೆಯಿಂದ ಮುಂದುವರಿಸಿದ ತಂಡಕ್ಕೆ ಪ್ರತ್ಯೇಕ ಮನ್ನಣೆ ಕೊಟ್ಟರೆ ಚಿತ್ರವೇ ಬದಲಾದೀತು.

ಭಾಷೆಯ ಮಾತನ್ನೂ ಎತ್ತಬೇಕು. ಚಹಾದ ವೇಳೆಯಲ್ಲಿ 'ಒಂದು ಕಾಲು ತಿಂದುಹೋಗಿತ್ತು' ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ ಹುಡುಗ ವೇದಿಕೆಯ ಮೇಲೆ ಇಂಗ್ಲಿಷಿನ ಬಾಯಿಪಾಠ ಒಪ್ಪಿಸಿದ್ದ. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲೇ ಒಪ್ಪಿಗೆ ಕೊಟ್ಟಿದೆ. ಇಡೀ ಪದವಿಯ ಮಾತು ಹಾಗಿರಲಿ. ಹತ್ತು ನಿಮಿಷದ ಮಂಡನೆಯನ್ನಾದರೂ, ಅದಕ್ಕಿಂತ ಹೆಚ್ಚಾಗಿ ಆಮೇಲಿನ ಪ್ರಶ್ನೋತ್ತರವನ್ನು, ಕನ್ನಡದಲ್ಲಿ ನಡೆಸಲು ಯಾರ ಅಪ್ಪಣೆ ಬೇಕು? ಆಲೆಮನೆಯವನೂ ಬಂದು ಕುಳಿತು ಪ್ರಶ್ನೆ ಕೇಳಬೇಕಾದರೆ ಬೇರೆ ದಾರಿಯೇ ಇಲ್ಲ.

ಹೀಗೇಕೆ ಆಗುತ್ತದೆ ಎಂದು ನೀವು ಕೇಳಬಹುದು. ಅಧ್ಯಾಪಕರ ಬಡ್ತಿಗೆ, ಕಾಲೇಜಿನ ಮಾನ್ಯತೆಗೆ ಎಣಿಕೆಯಾಗುವುದು ಪ್ರಬಂಧಗಳ ಸಂಖ್ಯೆ. ವಿದ್ಯಾರ್ಥಿಗೆ ಬೇಕಾಗುವುದು ಪ್ರಮಾಣಪತ್ರ. ಈ ಎರಡು ಅಗತ್ಯಗಳ ನಡುವೆ, ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಬೆಳೆದು ನಿಂತಿವೆ. ಅಲ್ಲಿ ವಸ್ತುವಿನ ಜೊತೆಗೆ ವರದಿಯನ್ನೂ ಕೊಡುತ್ತಾರೆ. ಹಳ್ಳಿಯಿಂದ ಬಂದು, ಸಾಲ ಮಾಡಿ ಶುಲ್ಕ ಕಟ್ಟಿದ ಹುಡುಗಿಯೊಬ್ಬಳು ಆ ಅಂಗಡಿಗೂ ದುಡ್ಡು ತೆತ್ತು, ತನ್ನೂರಿನ ನಾಲೆ, ಒಲೆ, ಮೋಟಾರುಗಳಲ್ಲಿ ಇಂಜಿನಿಯರಿಂಗ್ ಇದೆಯೆಂದು ತಿಳಿಯದೆಯೇ ಪದವಿ ಪಡೆಯುತ್ತಾಳೆ. ಈ ನಷ್ಟವನ್ನು ಯಾವ ಮೆಚ್ಚುಗೆಯ ಪ್ರಶ್ನಾವಳಿಯೂ ತೋರಿಸುವುದಿಲ್ಲ. ಕೊಂಡ ಪ್ರಾಜೆಕ್ಟಿಗೂ ಅವಳು 'ಬಹಳ ಇಷ್ಟವಾಯಿತು' ಎಂದೇ ಗುರುತು ಹಾಕಬಹುದು.

ನಿಮ್ಮ ಕಾಲೇಜಿನಲ್ಲಿ ಮುಂದಿನ ಸಮ್ಮೇಳನ ನಡೆದರೆ ಒಂದು ಗೋಷ್ಠಿಯನ್ನಾದರೂ ಹೀಗೆ ಮಾಡಿ ನೋಡಿ. ಹನ್ನೆರಡು ಪ್ರಬಂಧಗಳ ಬದಲು ನಾಲ್ಕೇ ಇರಲಿ, ಒಂದೊಂದಕ್ಕೂ ಮುಕ್ಕಾಲು ಗಂಟೆ ಕೊಡಿ. ವಸ್ತು ಮೇಜಿನ ಮೇಲಿರಲಿ. ಖರ್ಚಿನ ಪಟ್ಟಿ, ಅಳತೆಯ ಕೋಷ್ಟಕ, ಕೆಟ್ಟುಹೋದುದರ ವಿವರ, ಈ ಮೂರು ಇಲ್ಲದ ಪ್ರಬಂಧವನ್ನು ಹಿಂದಕ್ಕೆ ಕಳಿಸಿ. ಕೇಳುಗರಲ್ಲಿ ಒಬ್ಬ ನೀರುಗಂಟಿ, ಒಬ್ಬ ಮೋಟಾರು ರಿಪೇರಿಯವನು, ಒಬ್ಬ ಆಲೆಮನೆಯ ಯಜಮಾನ ಇರಲಿ. ಮೊದಲ ಪ್ರಶ್ನೆ ಅವರದಾಗಲಿ. ತಿಂದುಹೋದ ಆ ಒಂದು ಕಾಲನ್ನು ಹೊಸದರ ಪಕ್ಕದಲ್ಲೇ ಇಟ್ಟು ತೋರಿಸಲು ವಿದ್ಯಾರ್ಥಿಗೆ ಹೇಳಿ.